ಕಲಿಸುವವರು ಕಲಿಯುವ ಶನಿವಾರ

ಸರ್ಕಾರಿ ಶಾಲೆಯ ಮಕ್ಕಳ ತಟ್ಟೆಗೆ ಈಗ ವಾರದ ಆರು ದಿನವೂ ಮೊಟ್ಟೆ ಸಿಗುವಂತಾಗಿದೆ. ಎರಡು ದಿನದ ಖರ್ಚು ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. 2024ರಲ್ಲಿ ಆದ ಒಪ್ಪಂದದ ಪ್ರಕಾರ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಫಲಾನುಭವಿಗಳು ಹೆಚ್ಚುಕಡಿಮೆ 55 ಲಕ್ಷ ಮಕ್ಕಳು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇದರಿಂದಾಗಿ ಪ್ರತಿಷ್ಠಾನದ ಹೆಸರು ಹಳ್ಳಿಹಳ್ಳಿಯ ತಾಯಂದಿರಿಗೂ ಗೊತ್ತಾಗಿದೆ. ಒಳ್ಳೆಯದೇ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ.

ಆದರೆ ಇದೇ ಸಂಸ್ಥೆ ಇದಕ್ಕಿಂತ ಬಹಳ ಮೊದಲಿನಿಂದ ಮಾಡಿಕೊಂಡು ಬಂದಿರುವ ಇನ್ನೊಂದು ಕೆಲಸದ ಬಗ್ಗೆ ಊರವರಿಗೆ ಹೋಗಲಿ, ಶಿಕ್ಷಣದ ಬಗ್ಗೆ ದಿನಾ ಮಾತಾಡುವವರಿಗೂ ಹೆಚ್ಚು ತಿಳಿದಿಲ್ಲ. ಅದು ಸರ್ಕಾರಿ ಶಾಲೆಯ ಶಿಕ್ಷಕರು ತಮ್ಮ ಕಸುಬನ್ನು ಕಲಿಯುತ್ತಲೇ ಇರುವಂತೆ ಅವರ ಜೊತೆಗಿರುವ ಕೆಲಸ. ಅದನ್ನು ಎಣಿಸಿ ತೋರಿಸಲಾಗದು, ಅದಕ್ಕೆ ಉದ್ಘಾಟನೆಯ ದೀಪವೂ ಇಲ್ಲ. ನನ್ನ ಮಟ್ಟಿಗೆ ಪ್ರತಿಷ್ಠಾನ ಮಾಡಿರುವ ಕೆಲಸಗಳಲ್ಲಿ ಅತಿ ಮುಖ್ಯವಾದದ್ದು ಇದೇ. ಯಾಕೆ ಎಂದು ಹೇಳಬೇಕಾದರೆ ನಮ್ಮಲ್ಲಿ ತರಬೇತಿ ಹೇಗೆ ನಡೆಯುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಶಿಕ್ಷಕರ ತರಬೇತಿ ಅಂದರೆ ಬಹುಕಾಲದಿಂದ ಒಂದೇ ರೂಢಿ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರಿಂದ ಜಿಲ್ಲೆಯವರಿಗೆ, ಜಿಲ್ಲೆಯವರಿಂದ ತಾಲ್ಲೂಕಿನವರಿಗೆ, ಕೊನೆಗೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಭಾಂಗಣದಲ್ಲಿ ಶಿಕ್ಷಕರಿಗೆ ನಾಲ್ಕೈದು ದಿನ. ಹಾಜರಿ ಸಹಿ, ಮಾಡ್ಯೂಲ್ ಪುಸ್ತಕ, ಮಧ್ಯಾಹ್ನದ ಊಟ, ಕೊನೆಯ ದಿನ ಹಿಮ್ಮಾಹಿತಿ ಪತ್ರ. ಇಷ್ಟು ಕೈ ದಾಟಿ ಬರುವಷ್ಟರಲ್ಲಿ ಮೊದಲು ಹೇಳಿದ್ದು ಎಷ್ಟು ಉಳಿದಿರುತ್ತದೆ ಎಂಬುದು ಒಂದು ಪ್ರಶ್ನೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಯಾದಗಿರಿ ಜಿಲ್ಲೆಯ ಹುಣಸಗಿಯ ಮೂರನೇ ತರಗತಿಯಲ್ಲಿ ಯಾವ ಮಗು ಎಲ್ಲಿ ಎಡವುತ್ತಿದೆ ಎಂಬುದು ಬೆಂಗಳೂರಿನಲ್ಲಿ ಬರೆದ ಮಾಡ್ಯೂಲ್‌ಗೆ ಗೊತ್ತಿರಲು ಸಾಧ್ಯವಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ‘ನಿಷ್ಠಾ’ ಯೋಜನೆ ತಂದಾಗ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ ಇಟ್ಟುಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ, ಮುಖ್ಯ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಗಂಟೆ ಲೆಕ್ಕ ಹಾಕುವುದು ಸುಲಭ. ಆ ಗಂಟೆಯೊಳಗೆ ಏನಾಗುತ್ತದೆ ಎಂಬುದೇ ಮುಖ್ಯ.

ಪ್ರತಿಷ್ಠಾನವೂ ಮೊದಲ ದಿನದಿಂದಲೇ ಶಿಕ್ಷಕರ ಬಳಿ ಬಂದದ್ದಲ್ಲ. ಈ ಶತಮಾನದ ಆರಂಭದಲ್ಲಿ ಕೆಲಸ ಶುರುವಾದಾಗ ಅದು ನೆಚ್ಚಿಕೊಂಡದ್ದು ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು. ಮಕ್ಕಳಿಗಾಗಿ ಸಿ.ಡಿ.ಗಳು ತಯಾರಾದವು, ಶಾಲೆಗಳಿಗೆ ಹೋದವು. ಮುಂದೆ ಸಂಸ್ಥೆಯವರೇ ಬಹಿರಂಗವಾಗಿ ಬರೆದರು, ತಂತ್ರಜ್ಞಾನದಿಂದ ಅಂದುಕೊಂಡಷ್ಟು ಆಗಲಿಲ್ಲ ಎಂದು. ಅದೇ ದಿನಗಳಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರದ ಜೊತೆಗೂಡಿ ‘ಕಲಿಕಾ ಖಾತರಿ’ ಕಾರ್ಯಕ್ರಮ ನಡೆಯಿತು. ಶಾಲೆಗಳು ತಾವಾಗಿಯೇ ಮುಂದೆ ಬಂದು ಮಕ್ಕಳನ್ನು ಮೌಲ್ಯಮಾಪನಕ್ಕೆ ಒಡ್ಡಬೇಕು, ಗುರಿ ಮುಟ್ಟಿದ ಶಾಲೆಗೆ ಪುರಸ್ಕಾರ. ಪರೀಕ್ಷೆಯಿಂದ ಮಗು ಎಲ್ಲಿದೆ ಎಂದು ಗೊತ್ತಾಯಿತು. ಅಲ್ಲಿಂದ ಮುಂದಕ್ಕೆ ಕರೆದೊಯ್ಯಬೇಕಾದವರು ಶಿಕ್ಷಕರೇ ತಾನೆ? ಹೀಗೆ ಸುರಪುರ ತಾಲ್ಲೂಕಿನಲ್ಲಿ ಸರ್ಕಾರ, ಯುನಿಸೆಫ್ ಮತ್ತು ಪ್ರತಿಷ್ಠಾನ ಸೇರಿ 2004ರ ಸುಮಾರಿಗೆ ಮಕ್ಕಳಸ್ನೇಹಿ ಶಾಲಾ ಕಾರ್ಯಕ್ರಮ ಹಮ್ಮಿಕೊಂಡವು. ಆಗ ಸುರಪುರ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಅಲ್ಲಿ ಊರಿದ ಕಾಲನ್ನು ಸಂಸ್ಥೆ ತೆಗೆಯಲಿಲ್ಲ. ಇವತ್ತು ಯಾದಗಿರಿ, ಕಲಬುರಗಿ, ಮಂಡ್ಯ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಲ್ಲೂ, ರಾಜಸ್ಥಾನ, ಛತ್ತೀಸಗಡ, ಮಧ್ಯಪ್ರದೇಶ, ಉತ್ತರಾಖಂಡದಂಥ ರಾಜ್ಯಗಳಲ್ಲೂ ಅದರ ತಂಡಗಳು ತಾಲ್ಲೂಕು ಕೇಂದ್ರಗಳಲ್ಲೇ ಮನೆ ಮಾಡಿಕೊಂಡು ಇವೆ. ಶಿಕ್ಷಕರ ಬಾಯಲ್ಲಿ ಅವರು ‘ಎಪಿಎಫ್‌ನವರು’.

ಆ ಊರುಗಳಲ್ಲಿ ‘ಶಿಕ್ಷಕರ ಕಲಿಕಾ ಕೇಂದ್ರ’ ಎಂಬ ಬೋರ್ಡು ಹೊತ್ತ ಕೋಣೆಗಳಿವೆ. ಗೋಡೆಗೆ ಪುಸ್ತಕದ ಕಪಾಟು, ಮೇಜಿನ ಮೇಲೆ ಭಿನ್ನರಾಶಿಯ ಪಟ್ಟಿಗಳು, ಗೋಲ, ಆಯಸ್ಕಾಂತ, ಕನ್ನಡಿ ಚೂರು, ಕೂರಲು ಜಮಖಾನ. ಸಂಜೆ ಶಾಲೆ ಬಿಟ್ಟ ಮೇಲೆ, ರಜೆಯ ದಿನ, ಶನಿವಾರ ಮಧ್ಯಾಹ್ನ ಶಿಕ್ಷಕರು ಬರುತ್ತಾರೆ. ಬರಲೇಬೇಕೆಂಬ ಆದೇಶವಿಲ್ಲ, ಅನ್ಯ ಕಾರ್ಯನಿಮಿತ್ತ (ಒಒಡಿ) ಸೌಲಭ್ಯವಿಲ್ಲ, ಭತ್ಯೆಯಿಲ್ಲ. ಪುಸ್ತಕ ಎರವಲು ಒಯ್ಯುವವರಿದ್ದಾರೆ. ನಾಳಿನ ಪಾಠಕ್ಕೆ ಉಪಕರಣ ಕೇಳಿಕೊಂಡು ಬರುವವರಿದ್ದಾರೆ. ತಿಂಗಳಿಗೊಮ್ಮೆ ಕನ್ನಡದವರು, ಗಣಿತದವರು, ಇಂಗ್ಲಿಷ್‌ನವರು ತಮ್ಮ ತಮ್ಮ ವಿಷಯ ಹಿಡಿದು ಕೂರುತ್ತಾರೆ.

ಅಲ್ಲಿ ಏನು ಮಾತಾಡುತ್ತಾರೆ? ಒಂದು ಮಾದರಿ ಹೇಳುತ್ತೇನೆ.

ಮೂರನೇ ತರಗತಿಯ ಹುಡುಗಿಯ ನೋಟ್‌ಬುಕ್ಕನ್ನು ಶಿಕ್ಷಕಿಯೊಬ್ಬರು ತಂದಿದ್ದಾರೆ ಅಂದುಕೊಳ್ಳಿ. 52ರಲ್ಲಿ 27 ಕಳೆ ಎಂದರೆ ಹುಡುಗಿ 35 ಎಂದು ಬರೆದಿದ್ದಾಳೆ. ‘ಅವಸರದಾಗ ತಪ್ಪಿರಬೇಕ್ರಿ’ ಎಂದು ಪಕ್ಕದ ಶಾಲೆಯ ಮೇಷ್ಟರು ಹೇಳುತ್ತಾರೆ. ಶಿಕ್ಷಕಿ ಪುಟ ತಿರುವುತ್ತಾರೆ. 43ರಲ್ಲಿ 18 ಹೋದರೆ ಅವಳಿಗೆ 35. 61ರಲ್ಲಿ 34 ಹೋದರೆ 33. ಅವಸರದ ತಪ್ಪಾದರೆ ದಿನಕ್ಕೊಂದು ಥರ ಇರಬೇಕಿತ್ತು. ಇದು ಎಲ್ಲ ಕಡೆ ಒಂದೇ ಥರ ಇದೆ. ಅಂದರೆ ಹುಡುಗಿ ಒಂದು ನಿಯಮ ಪಾಲಿಸುತ್ತಿದ್ದಾಳೆ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಬರುವುದಿಲ್ಲವಾದ್ದರಿಂದ 7ರಿಂದ 2 ಕಳೆದು 5 ಬರೆದಿದ್ದಾಳೆ. ಈ ನಿಯಮವನ್ನು ಅವಳಿಗೆ ಕೊಟ್ಟವರು ಯಾರು? ಕೋಣೆ ಒಂದು ಗಳಿಗೆ ಸುಮ್ಮನಾಗುತ್ತದೆ. ಒಂದನೇ ತರಗತಿಯಲ್ಲಿ ನಾವೇ ಅಲ್ಲವೇ ‘ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೀಬೇಕು’ ಎಂದು ಹೇಳಿಕೊಟ್ಟದ್ದು! ಮಗು ಅದನ್ನು ನಂಬಿಕೆಯಿಂದ ಪಾಲಿಸಿದೆ, ಅಷ್ಟೆ.

ಇಲ್ಲಿಂದ ಮಾತು ಬೇರೆ ದಾರಿ ಹಿಡಿಯುತ್ತದೆ. ಹತ್ತರ ಸ್ಥಾನದಿಂದ ದಶಕ ತರುವುದನ್ನು ಮಗು ಕೈಯಾರೆ ಮಾಡದೆ ಬರಹದಲ್ಲಿ ಮಾಡಿಸಿದ್ದೇ ಅವಸರವಾಯಿತೇ? ಜೋಳದ ದಂಟಿನ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಕೊಟ್ಟು, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಯಿಂದ ಇಪ್ಪತ್ತೇಳು ಕಡ್ಡಿ ತೆಗೆದುಕೊಡು ಎಂದರೆ ಮಗು ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತದೆ. ಬಿಚ್ಚಲೇಬೇಕು, ಬೇರೆ ದಾರಿಯಿಲ್ಲ. ಆ ಬಿಚ್ಚುವಿಕೆಯನ್ನು ಆಮೇಲೆ ಬರಹಕ್ಕೆ ತಂದರೆ? ಇಷ್ಟು ಮಾಡಲು ಎಷ್ಟು ದಿನ ಬೇಕು, ಅಷ್ಟರಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿಯ ಉಳಿದ ಮಕ್ಕಳು ಏನು ಮಾಡುತ್ತಿರಬೇಕು, ಏಕೋಪಾಧ್ಯಾಯ ಶಾಲೆಯವರು ಹೇಗೆ ನಿಭಾಯಿಸಬೇಕು? ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಮುಂದಿನ ತಿಂಗಳು ಅದೇ ಶಿಕ್ಷಕಿ ಅದೇ ಹುಡುಗಿಯ ನೋಟ್‌ಬುಕ್ ತರುತ್ತಾರೆ. ಏನು ಬದಲಾಯಿತು, ಏನು ಆಗಲಿಲ್ಲ ಎಂದು ಎಲ್ಲರೂ ನೋಡುತ್ತಾರೆ.

ಇದು ಉಪನ್ಯಾಸದಿಂದ ಬರುವ ತಿಳಿವಳಿಕೆಯಲ್ಲ. ತಪ್ಪು ಉತ್ತರದ ಹಿಂದಿನ ಮಗುವಿನ ಯೋಚನೆಯನ್ನು ಓದುವುದು ಶಿಕ್ಷಕ ವೃತ್ತಿಯ ಒಳಗುಟ್ಟು. ಡಿ.ಎಡ್. ಪುಸ್ತಕದಲ್ಲಿ ಅದರ ಹೆಸರಿದೆ, ಕೈಗೆ ಹತ್ತುವುದು ಮಾತ್ರ ಸಹೋದ್ಯೋಗಿಗಳ ನಡುವೆ, ಸ್ವಂತ ತರಗತಿಯ ನೋಟ್‌ಬುಕ್ ಎದುರಿಗಿಟ್ಟುಕೊಂಡಾಗ. ಡಾಕ್ಟರುಗಳು ಕಷ್ಟದ ಕೇಸನ್ನು ಒಟ್ಟಿಗೆ ಕೂತು ಚರ್ಚಿಸುವುದನ್ನು ನಾವು ಸಹಜ ಎಂದುಕೊಳ್ಳುತ್ತೇವೆ. ಶಿಕ್ಷಕರಿಗೆ ಆ ಅವಕಾಶ ಬೇಕು ಎಂಬುದೇ ನಮಗೆ ಹೊಳೆಯುವುದಿಲ್ಲ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಆ ಶಿಕ್ಷಕಿ ತನ್ನ ತರಗತಿಯ ತಪ್ಪನ್ನು ಹತ್ತು ಜನರ ಮುಂದೆ ಹರವಿದ್ದು ಯಾಕೆ? ಅಲ್ಲಿ ಕೂತವರಲ್ಲಿ ಯಾರೂ ಅವರಿಗೆ ನೋಟಿಸ್ ಕೊಡುವವರಲ್ಲ. ಎಪಿಎಫ್‌ನವರ ಕೈಯಲ್ಲಿ ವರ್ಗಾವಣೆ ಇಲ್ಲ, ಬಡ್ತಿ ಇಲ್ಲ, ಇನ್‌ಕ್ರಿಮೆಂಟ್ ತಡೆಯುವ ಪೆನ್ನಿಲ್ಲ. ಅಧಿಕಾರ ಇಲ್ಲದಿರುವುದೇ ಇಂಥ ಸಂಸ್ಥೆಯ ದೊಡ್ಡ ಬಲ. ನಮ್ಮ ಶಿಕ್ಷಣ ಇಲಾಖೆಯಲ್ಲಿ ಶಾಲೆಯ ಬಾಗಿಲಿಗೆ ಬರುವ ಬಹುಪಾಲು ಜನ ಕೇಳಲು ಬರುವವರು: ಮಾಹಿತಿ ಕೇಳಲು, ದಾಖಲೆ ಕೇಳಲು, ವಿವರಣೆ ಕೇಳಲು. ಜೊತೆಗೆ ಕೂರಲು ಬರುವವರು ಬಹಳ ಕಡಿಮೆ.

ಹಾಗೆ ಕೂರಲೆಂದೇ ಒಂದು ಹುದ್ದೆ ಹುಟ್ಟಿತ್ತು ಎಂಬುದನ್ನು ಮರೆಯಬಾರದು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂತು. ಕರ್ನಾಟಕದ ಮೊದಲ ಹಂತದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಿದ್ದವು. ಕ್ಲಸ್ಟರ್ ಸಂಪನ್ಮೂಲ ಕೇಂದ್ರ, ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಎಂಬ ಏರ್ಪಾಟು ಬೇರೂರಿದ್ದು ಆ ಕಾಲದಲ್ಲಿ. ಒಳ್ಳೆಯ ಶಿಕ್ಷಕರೊಬ್ಬರು ಸುತ್ತಲಿನ ಹತ್ತಾರು ಶಾಲೆಗೆ ಹೋಗಿ, ತರಗತಿಯಲ್ಲಿ ಕೂತು, ಪಾಠ ಮಾಡಿ ತೋರಿಸಿ, ತಿಂಗಳಿಗೊಮ್ಮೆ ಎಲ್ಲರನ್ನೂ ಸೇರಿಸಿ ಮಾತಾಡಿಸಬೇಕು. ಚೆಂದದ ಯೋಚನೆ. ಬರಬರುತ್ತ ಸಿಆರ್‌ಪಿಗಳ ಬೈಕು ಪಾಠದ ಕಡೆ ಹೋಗುವುದಕ್ಕಿಂತ ಅಂಕಿಅಂಶದ ಕಡೆಗೇ ಹೆಚ್ಚು ಓಡಿತು. ಇವತ್ತೂ ತರಗತಿಯಲ್ಲಿ ಕೂರಬೇಕೆಂಬ ಆಸೆಯಿರುವ ಸಿಆರ್‌ಪಿಗಳು ಅನೇಕರಿದ್ದಾರೆ. ಅವರ ವಾಟ್ಸ್‌ಆ್ಯಪ್ ತೆರೆದರೆ ‘ಇಂದೇ ಸಂಜೆಯೊಳಗೆ’ ಎಂಬ ಸಂದೇಶಗಳ ಸಾಲು. ದೋಷ ಅವರದಲ್ಲ.

ಶಿಕ್ಷಕರು ಗುಂಪಾಗಿ ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕಾರ್ಡುಗಳನ್ನು ಬರೆದು, ಹಾಡು ಕಟ್ಟಿ ನಲಿ-ಕಲಿ ರೂಪಿಸಿದರು. ಮುಂದೆ 2009-10ರಲ್ಲಿ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಆದರೆ ಕಟ್ಟಿದ ಶಿಕ್ಷಕರಿಗಿದ್ದ ಒಡೆತನ, ಆದೇಶದ ಮೂಲಕ ಪಡೆದ ಶಿಕ್ಷಕರಿಗೆ ಎಲ್ಲ ಕಡೆ ಬರಲಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನ ಕತೆ ಇನ್ನೂ ಹಳೆಯದು. 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸ ಶುರು ಮಾಡಿದವು. 1982ರಿಂದ ‘ಏಕಲವ್ಯ’ ಅದನ್ನು ಮುಂದುವರಿಸಿತು. ಬೇಸಿಗೆಯಲ್ಲಿ ವಾರಗಟ್ಟಲೆ ಶಿಬಿರ, ವರ್ಷವಿಡೀ ಮಾಸಿಕ ಸಭೆ, ದೆಹಲಿಯ ವಿಜ್ಞಾನಿಗಳೂ ಹಳ್ಳಿಯ ಮೇಷ್ಟರೂ ಒಂದೇ ಜಮಖಾನದ ಮೇಲೆ. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯೂ ಅಲ್ಲಿ ನಡೆಯಿತು. ಹಲವು ಜಿಲ್ಲೆಗಳಿಗೆ ಹರಡಿದ್ದ ಈ ಕೆಲಸವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಮೂವತ್ತು ವರ್ಷದ ಕೆಲಸ ಒಂದು ನಿರ್ಧಾರದಿಂದ ಮುಗಿಯಿತು. ಸ್ವಯಂಸೇವಾ ಸಂಸ್ಥೆಯ ಅಧಿಕಾರವಿಲ್ಲದಿರುವಿಕೆಯ ಇನ್ನೊಂದು ಮುಖ ಇದು. ಅಜೀಂ ಪ್ರೇಮ್‌ಜಿ ಅವರು ವಿಪ್ರೊದಲ್ಲಿನ ತಮ್ಮ ಪಾಲಿನ ಬಹುಭಾಗವನ್ನು ಪ್ರತಿಷ್ಠಾನಕ್ಕೆ ಬರೆದುಕೊಟ್ಟಿರುವುದರಿಂದ (2019ರಲ್ಲಿ ಘೋಷಿಸಿದಂತೆ ಒಟ್ಟು 1.45 ಲಕ್ಷ ಕೋಟಿ ರೂಪಾಯಿ ಮೌಲ್ಯದ್ದು) ಅದಕ್ಕೆ ಹಣದ ಚಿಂತೆಯಿಲ್ಲ. ಬೇಕಿರುವುದು ಸರ್ಕಾರದ ಸಮ್ಮತಿ, ಅದು ಮತ್ತೆ ಮತ್ತೆ ಹೊಸದಾಗಿ ಬೇಕು.

ಮುಖ್ಯ ಶಿಕ್ಷಕರ ವಿಚಾರ ಇನ್ನೂ ನಾಜೂಕಿನದು. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹಿರಿಯ ಶಿಕ್ಷಕರಿಗೆ ‘ಚಾರ್ಜ್’ ಬರುತ್ತದೆ, ಅವರು ಮುಖ್ಯ ಶಿಕ್ಷಕರಾಗುತ್ತಾರೆ. ನಿನ್ನೆಯವರೆಗೆ ಗಣಿತ ಹೇಳುತ್ತಿದ್ದವರಿಗೆ ಇವತ್ತಿನಿಂದ ಅಕ್ಕಿ, ಬೇಳೆ, ಕ್ಷೀರಭಾಗ್ಯದ ಹಾಲಿನ ಪುಡಿ, ಸಮವಸ್ತ್ರ, ಶೂ ಅಳತೆ, ಮಕ್ಕಳ ಮಾಹಿತಿಯ ಸ್ಯಾಟ್ಸ್ ಎಂಟ್ರಿ, ಶಾಲೆಯ ಮಾಹಿತಿಯ ಯುಡೈಸ್ ಫಾರಂ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆ. ಈಗ ಮೊಟ್ಟೆಯೂ ಸೇರಿದೆ. ಅದನ್ನು ಕೊಳ್ಳಬೇಕು, ಎಣಿಸಬೇಕು, ಬೇಯಿಸಿ ಸುಲಿಸಬೇಕು, ಲೆಕ್ಕ ಬರೆಯಬೇಕು. ಪೇಟೆಯ ದರ ನಿಗದಿತ ದರಕ್ಕಿಂತ ಏರಿದ ದಿನಗಳಲ್ಲಿ ಕೈಯಿಂದ ಹಾಕಬೇಕಾಯಿತು ಎಂದು ಮುಖ್ಯ ಶಿಕ್ಷಕರು ದೂರಿದ್ದು ಪತ್ರಿಕೆಗಳಲ್ಲಿ ಬಂದಿದೆ. ಶಿಕ್ಷಕರ ಕಲಿಕೆಗೆ ಇಷ್ಟು ಗಮನ ಕೊಟ್ಟ ಸಂಸ್ಥೆಯೇ ಈ ಹೊರೆಯನ್ನು ಇಳಿಸುವ ದಾರಿಯನ್ನೂ ಸರ್ಕಾರದ ಜೊತೆ ಕೂತು ಹುಡುಕಬೇಕು.

ಯಾಕೆಂದರೆ ಶನಿವಾರದ ಸಭೆಯಿಂದ ಹುರುಪಿನಿಂದ ಮರಳಿದ ಶಿಕ್ಷಕಿ ಸೋಮವಾರ ಕಡ್ಡಿ ಕಟ್ಟು ಹಿಡಿದು ನೆಲದ ಮೇಲೆ ಕೂತಾಗ, ‘ಪೋರ್ಶನ್ ಯಾವಾಗ ಮುಗಿಸ್ತೀರಿ ಮೇಡಂ?’ ಎಂದು ಕೇಳುವವರೂ ಮುಖ್ಯ ಶಿಕ್ಷಕರೇ, ‘ಮಾಡ್ರಿ, ನಾನೂ ನೋಡ್ತೀನಿ’ ಎನ್ನಬಲ್ಲವರೂ ಅವರೇ. ಈ ಎರಡು ಮಾತಿನ ನಡುವೆ ಒಂದು ಶಾಲೆಯ ಹಣೆಬರಹ ಇದೆ. ಧಾರವಾಡದಲ್ಲಿ ಶಾಲಾ ನಾಯಕತ್ವಕ್ಕೆಂದೇ ‘ಸಿಸ್ಲೆಪ್’ ಎಂಬ ಸರ್ಕಾರಿ ಸಂಸ್ಥೆ ಇದೆ. ಬೆಂಗಳೂರಿನ ‘ಮಂತ್ರ ಫಾರ್ ಚೇಂಜ್’ನಂಥ ಸ್ವಯಂಸೇವಾ ಸಂಸ್ಥೆಗಳು ಮುಖ್ಯ ಶಿಕ್ಷಕರ ಜೊತೆಗೇ ಕೆಲಸ ಮಾಡುತ್ತಿವೆ. ಮಾಡಿದ್ದು ಸಾಲದು ಎಂದೇ ನನ್ನ ಅನಿಸಿಕೆ. ಮುಖ್ಯ ಶಿಕ್ಷಕರು ಬರೀ ಸ್ಟೋರ್ ಕೀಪರ್ ಆಗಿರುವವರೆಗೆ ಶಿಕ್ಷಕರಿಗೆ ಕೊಟ್ಟ ತರಬೇತಿ ಶಾಲೆಯ ಗೇಟಿನಲ್ಲೇ ನಿಲ್ಲುತ್ತದೆ.

ಕಟುವಾದ ಪ್ರಶ್ನೆಯೊಂದನ್ನು ಎದುರಿಸಲೇಬೇಕು. ಪ್ರತಿಷ್ಠಾನ ಇಷ್ಟು ವರ್ಷ ಯಾದಗಿರಿಯಲ್ಲಿದ್ದೂ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಆ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಮರುವರ್ಷ ಆ ಸ್ಥಾನ ಕಲಬುರಗಿಗೆ ಬಂತು. ಹಾಗಾದರೆ ಈ ಕೆಲಸದಿಂದ ಏನಾಯಿತು? ಇದನ್ನು ಕೇಳುವವರಲ್ಲಿ ನಿಜವಾದ ಕಾಳಜಿ ಇರುವವರೂ ಇದ್ದಾರೆ, ಅವರಿಗೆ ಉತ್ತರ ಸಲ್ಲಬೇಕು. ಪ್ರತಿಷ್ಠಾನದ ಹೆಚ್ಚಿನ ಕೆಲಸ ಪ್ರಾಥಮಿಕ ಶಾಲೆಗಳಲ್ಲಿ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು, ಖಾಲಿ ಹುದ್ದೆಗೆ ತರಬೇತಿ ಕೊಡಲು ಬರುವುದಿಲ್ಲ. ಕಲ್ಯಾಣ ಕರ್ನಾಟಕದ ಶಾಲೆಗಳು ನಡೆಯುತ್ತಿರುವುದು ಅತಿಥಿ ಶಿಕ್ಷಕರ ಬಲದ ಮೇಲೆ. ಅವರು ಪ್ರತಿ ವರ್ಷ ಹೊಸದಾಗಿ ಸೇರುತ್ತಾರೆ, ಮಾರ್ಚಿ ಮುಗಿದರೆ ಹೊರಗೆ. ಐದಾರು ವರ್ಷ ಕಲಿಕಾ ಕೇಂದ್ರಕ್ಕೆ ಬಂದು ಪಳಗಿದ ಕಾಯಂ ಶಿಕ್ಷಕರು ವರ್ಗಾವಣೆ ಸಿಕ್ಕಿದೊಡನೆ ಸ್ವಂತ ಜಿಲ್ಲೆಗೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ, ಅವರಿಗೂ ವಯಸ್ಸಾದ ತಂದೆತಾಯಿ ಇದ್ದಾರೆ. ಇತ್ತ ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ, ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಹೊಸ ಭಾಷೆಯಾಗಿ ಎದುರಿಸುತ್ತದೆ.

ಇದೆಲ್ಲದರ ನಡುವೆ ನಿಂತ ಶಿಕ್ಷಕರನ್ನೇ ಸಮಾಜ ಬೊಟ್ಟು ಮಾಡಿ ತೋರಿಸುತ್ತದೆ. ‘ಸರ್ಕಾರಿ ಮೇಷ್ಟ್ರು ಶಾಲೆಗೇ ಬರೋದಿಲ್ಲ’ ಎಂಬ ಮಾತು ಎಷ್ಟು ಸಲ ಕೇಳಿಲ್ಲ! ಪ್ರತಿಷ್ಠಾನ 2017ರಲ್ಲಿ ಪ್ರಕಟಿಸಿದ ಅಧ್ಯಯನ ಆರು ರಾಜ್ಯಗಳ 619 ಶಾಲೆಗಳಲ್ಲಿ 2,861 ಶಿಕ್ಷಕರನ್ನು ಗಮನಿಸಿತು. ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಶಾಲೆಯಲ್ಲಿರದ ಉಳಿದವರು ರಜೆಯ ಮೇಲೋ ಇಲಾಖೆಯದೇ ಕೆಲಸದ ಮೇಲೋ ಇದ್ದವರು. ಕೋವಿಡ್ ಕಾಲದಲ್ಲಿ ಮಕ್ಕಳು ಕಳೆದುಕೊಂಡದ್ದೆಷ್ಟು ಎಂದು ದೇಶಕ್ಕೆ ಮೊದಲು ಸ್ಪಷ್ಟವಾಗಿ ಹೇಳಿದವರಲ್ಲೂ ಇದೇ ಶಿಕ್ಷಕರಿದ್ದರು. 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಕುರಿತು ಪ್ರತಿಷ್ಠಾನ ನಡೆಸಿದ ಅಧ್ಯಯನದಲ್ಲಿ, ಶೇ 92ರಷ್ಟು ಮಕ್ಕಳು ಹಿಂದೆ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಮರೆತಿದ್ದರು. ಮಗು ಶಾಲೆ ಮುಚ್ಚುವ ಮುನ್ನ ಎಲ್ಲಿತ್ತು ಎಂದು ಹೇಳಬಲ್ಲವರು ಅದರ ಶಿಕ್ಷಕರಲ್ಲದೆ ಬೇರೆ ಯಾರಿದ್ದರು? ಕರ್ನಾಟಕ 2022-23ನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ನಡೆಸಿದ್ದಕ್ಕೆ ಇಂಥ ತಿಳಿವಳಿಕೆಯೇ ಹಿನ್ನೆಲೆ.

ಇನ್ನು 50 ಗಂಟೆಯ ಪ್ರಶ್ನೆ. ಸ್ವಯಂಪ್ರೇರಿತ ಸಭೆಗಳ ಸಮಯವನ್ನೂ ಆ ಲೆಕ್ಕಕ್ಕೆ ಸೇರಿಸಿ, ಪ್ರಮಾಣಪತ್ರ ಕೊಡಿ ಎಂಬ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬರಬಹುದು. ನಾನು ಅದನ್ನು ಒಪ್ಪುವುದಿಲ್ಲ. ಲೆಕ್ಕ ಶುರುವಾದ ದಿನ ಹಾಜರಿ ಪುಸ್ತಕ ಬರುತ್ತದೆ, ಹಾಜರಿ ಪುಸ್ತಕದ ಹಿಂದೆಯೇ ಕಾರಣ ಕೇಳುವ ನೋಟಿಸ್ ಬರುತ್ತದೆ. ಆಮೇಲೆ ಯಾವ ಶಿಕ್ಷಕಿಯೂ 52ರಲ್ಲಿ 27 ಕಳೆದು 35 ಬರೆದ ನೋಟ್‌ಬುಕ್ಕನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಇಲಾಖೆ ಮಾಡಬಹುದಾದದ್ದು ಬೇರೆ ಇದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಶಿಕ್ಷಕರನ್ನೂ ಮುಖ್ಯ ಶಿಕ್ಷಕರನ್ನೂ ಯಾವ ಸಭೆಗೂ, ವಿಡಿಯೊ ಕಾನ್ಫರೆನ್ಸ್‌ಗೂ ಕರೆಯದಿರುವುದು. ಸಿಆರ್‌ಪಿಗಳಿಗೆ ತಿಂಗಳಲ್ಲಿ ಒಂದು ವಾರವಾದರೂ ಮಾಹಿತಿ ಸಂಗ್ರಹದ ಕೆಲಸದಿಂದ ಬಿಡುವು ಕೊಟ್ಟು ತರಗತಿಗಳಲ್ಲಿ ಕೂರಲು ಬಿಡುವುದು. ಅತಿಥಿ ಶಿಕ್ಷಕರು ಕಲಿಕಾ ಕೇಂದ್ರಕ್ಕೆ ಬಂದರೆ ಅವರ ಬಸ್ ಚಾರ್ಜ್ ಭರಿಸುವುದು. ಅವರಿಗೆ ಸಿಗುವ ಗೌರವಧನದಲ್ಲಿ ಸುರಪುರಕ್ಕೆ ಹೋಗಿಬರುವ ಖರ್ಚೂ ಖರ್ಚೇ. ಬರುವ ವರ್ಷದ ಶೈಕ್ಷಣಿಕ ಮಾರ್ಗದರ್ಶಿ ಸಿದ್ಧವಾಗುವಾಗಲೇ ಈ ಮೂರನ್ನೂ ಅದರಲ್ಲಿ ಬರೆದುಬಿಡಬಹುದು.